ಚೆಕಿಂಗ್ ಸಾಹೇಬರ ಕಾರಿನ ಮುಗ್ಗಲು ವಾಸನೆ

ಹಳೆ ಕಾರು ಮಾರುವವನ ಮಾತನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಇಪ್ಪತ್ತೆರಡು ವರ್ಷ ಇದೇ ವ್ಯಾಪಾರ ಮಾಡಿದ ನಾನೇ ಇನ್ನೊಬ್ಬ ಹಳೆ ಕಾರಿನ ವ್ಯಾಪಾರಿಯನ್ನು ನಂಬಿದವನಲ್ಲ. ಆದರೂ ಚೆಕಿಂಗ್ ಸಾಹೇಬರು ನನ್ನನ್ನು ಅನುಮಾನಿಸಿದಷ್ಟು ಅಚ್ಚುಕಟ್ಟಾಗಿ ಇನ್ನಾರೂ ಅನುಮಾನಿಸಿಲ್ಲ. ಅವರ ಪಾಲಿಗೆ ಅದು ಚಟವಲ್ಲ, ಕಸುಬು.

ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ನಿಲ್ದಾಣವಿಲ್ಲದ ಕಡೆ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಹಿಂದಿನ ಬಾಗಿಲಿನಿಂದ ಹತ್ತಿ, ಜನರ ಮುಖ ನೋಡದೆ ಕೈ ನೋಡುತ್ತ ಮುಂದೆ ಬರುತ್ತಿದ್ದರಂತೆ. "ಮುಖ ಸುಳ್ಳು ಹೇಳುತ್ತೆ ಕಣ್ರೀ, ಬೆರಳಿಗೆ ಅದು ಬರಲ್ಲ. ಟಿಕೆಟ್ ಇಲ್ದೋನ ಬೆರಳು ಸುಮ್ನಿರಲ್ಲ" ಎನ್ನುತ್ತಿದ್ದರು. ನೌಕರಿಯಿಂದ ಸಾಹೇಬರು ನಿವೃತ್ತರಾದರು, ಕಣ್ಣು ಆಗಲಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವೂ ಉಳಿದುಕೊಂಡಿತ್ತು. ಗಾಯಕ್ಕೆ ಸುತ್ತುವ ಬಿಳಿ ಪ್ಲಾಸ್ಟರಿನ ಸುರುಳಿ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಯಾವುದನ್ನು ಬೇರೆಯವರು ಮುಟ್ಟಬಾರದೋ ಅದಕ್ಕೊಂದು ತುಂಡು ಅಂಟಿಸಿ, ಮೇಲೆ ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ಅರ್ಧ ಸಹಿ ಪ್ಲಾಸ್ಟರಿನ ಮೇಲೆ, ಅರ್ಧ ಸಹಿ ವಸ್ತುವಿನ ಮೇಲೆ. ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದರೆ ಎರಡು ಅರ್ಧಗಳು ಕೂಡಿಕೊಳ್ಳುವುದಿಲ್ಲ. ಅವರ ಮನೆಯಲ್ಲಿ ನೀರಿನ ತೊಟ್ಟಿಯ ಮುಚ್ಚಳ, ಅಟ್ಟದ ಪೆಟ್ಟಿಗೆ, ಹಳೆ ಪೇಪರಿನ ಕಟ್ಟು, ಎಲ್ಲಕ್ಕೂ ಸಹಿ ಬಿದ್ದಿತ್ತು.

"ಬಾಕಿ ಇರೋದು ನನ್ನ ಬಾಯಿ ಒಂದೇ" ಎಂದು ಅವರ ಹೆಂಡತಿ ಒಮ್ಮೆ ನನಗೆ ಹೇಳಿದರು.

ಆ ಬಾಯಿ ಮಾತಿಗಿಂತ ಕೆಮ್ಮಿಗೇ ಹೆಚ್ಚು ತೆರೆಯುತ್ತಿತ್ತು. ಆಕೆಗೆ ಉಬ್ಬಸ. ಬಸ್ಸಿನ ಹೊಗೆ, ಪೆಟ್ರೋಲ್ ವಾಸನೆ, ಪಕ್ಕದವರ ಸೆಂಟು, ಯಾವುದಾದರೂ ಒಂದು ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎರಡು ವರ್ಷದಿಂದ ಬೀದಿಯ ಮೂಲೆಯ ಅಂಗಡಿಯೇ ಆಕೆಗೆ ಗಡಿ. ಒಂದೂವರೆ ಗಂಟೆ ದಾರಿಯ ಊರಿನಲ್ಲಿ ತಂಗಿ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಳು. ಅಕ್ಕ ತಂಗಿ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಇವರು ಹೋಗುವಂತಿರಲಿಲ್ಲ, ಅವಳು ಬರುವಂತಿರಲಿಲ್ಲ.

ಆ ಕಾರಣಕ್ಕೇ ಸಾಹೇಬರು ನನ್ನಲ್ಲಿಗೆ ಬಂದದ್ದು. "ಹೊಗೆ ಇಲ್ದಿರೋ ಗಾಡಿ ಬೇಕು. ಕರೆಂಟಿಂದು" ಎಂದರು. ಒಬ್ಬ ಹಲ್ಲಿನ ಡಾಕ್ಟರು ಓಡಿಸಿದ್ದ ಎಲೆಕ್ಟ್ರಿಕ್ ಕಾರು ನನ್ನಲ್ಲಿತ್ತು. ಸಾಹೇಬರು ಮೂರು ದಿನ ಬಂದು ಅದನ್ನು ಪರೀಕ್ಷಿಸಿದರು. ಮ್ಯಾಟ್ ಎತ್ತಿ ಕೆಳಗೆ ಕೈ ಆಡಿಸಿದರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು, ನೆರೆ ನೀರಿನ ಮಣ್ಣಿನ ಗೆರೆ ಇದೆಯೇ ಎಂದು ಕನ್ನಡಕ ಏರಿಸಿ ನೋಡಿದರು.

"ಇದೆಲ್ಲ ಯಾರ ಹತ್ರ ಕಲಿತ್ರಿ ಸಾಹೇಬ್ರೆ?" ಎಂದೆ.

"ನಿಮ್ಮಂಥೋರ ಹತ್ರಾನೇ" ಎಂದರು.

ಕಾರು ಹೋಯಿತು. ಮೂರನೇ ವಾರಕ್ಕೆ ವಾಪಸ್ಸು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಸಾಹೇಬರು ಇಳಿದು ಬೆರಳು ಮಾಡಿ ಕಾರಿನ ಹೊಟ್ಟೆ ತೋರಿಸಿದರು. ಎಡಗಡೆ ಮುಂಚಕ್ರದ ಹಿಂದೆ ನೀರು ತೊಟ್ಟಿಕ್ಕುತ್ತಿತ್ತು.

"ಗಾಡಿ ಸೋರ್ತಿದೆ."

"ಸೋರ್ತಿಲ್ಲ ಸಾಹೇಬ್ರೆ. ಏಸಿ ನೀರದು. ತಣ್ಣೀರು ತುಂಬಿದ ಲೋಟ ಹೊರಗಡೆ ಬೆವರಲ್ವಾ, ಹಾಗೆ. ಒಳಗೆ ಬೆವರಿದ್ದು ಕೊಳವೇಲಿ ಕೆಳಗೆ ಬೀಳುತ್ತೆ. ಬೀಳ್ಲೇಬೇಕು."

"ಇಂಜಿನ್ನೇ ಇಲ್ಲದ ಗಾಡಿಗೆ ನೀರು ಎಲ್ಲಿಂದ ಬರುತ್ತೆ?"

"ಇಂಜಿನ್ನಿಗೂ ಇದಕ್ಕೂ ಸಂಬಂಧ ಇಲ್ಲ, ಗಾಳಿಯಿಂದ ಬರುತ್ತೆ."

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನನ್ನ ದುರದೃಷ್ಟಕ್ಕೆ ಆಗ ನಾನು ಉಂಗುರ ತಿರುಗಿಸುತ್ತಿದ್ದೆ. ಅದೊಂದು ಹಾಳು ಅಭ್ಯಾಸ, ನಿಜ ಹೇಳುವಾಗಲೂ ತಿರುಗಿಸುತ್ತೇನೆ. ಸಾಹೇಬರು "ಹ್ಞೂಂ" ಎಂದು ಹೊರಟುಹೋದರು. ಆಮೇಲೆ ನೀರಿನ ಮಾತೇ ಎತ್ತಲಿಲ್ಲ. ನನ್ನ ಮಾತಿಗೂ ಬೆಲೆ ಬಂತಲ್ಲ ಎಂದು ಹಿಗ್ಗಿದೆ. ಅನುಮಾನದ ಮನುಷ್ಯ ಸುಮ್ಮನಾದ ಎಂದರೆ ನಂಬಿದ ಎಂದಲ್ಲ ಎಂಬುದು ಆಗ ಹೊಳೆಯಲಿಲ್ಲ.

ಇನ್ನೊಂದು ತಿಂಗಳಿಗೆ ಕಾರಿನಲ್ಲಿ ವಾಸನೆ ಶುರುವಾಯಿತು. ಏಸಿ ಹಾಕಿದ ಕೂಡಲೇ ಮುಗ್ಗಲು ಗಾಳಿ ಮುಖಕ್ಕೆ ಹೊಡೆಯುವುದು, ಒದ್ದೆ ಬಟ್ಟೆಯನ್ನು ವಾರಗಟ್ಟಲೆ ಚೀಲದಲ್ಲಿ ಮರೆತ ಹಾಗೆ. ಹೆಂಡತಿ ಎರಡು ಬೀದಿ ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ಸಾಹೇಬರು ಕಾರು ತಿರುಗಿಸಿ ಮನೆಗೆ ತಂದು ತನಿಖೆಗೆ ಇಳಿದರು.

ಮೊದಲು ಸಿಕ್ಕಿದವನು ಕಾರು ಒರೆಸುವವ. ಒದ್ದೆ ಬಟ್ಟೆ ಒಳಗೆ ಬಿಟ್ಟೆಯಾ ಎಂದು ಕೇಳಿದ್ದಕ್ಕೆ ಅವನು ಮಾರನೆಯ ದಿನದಿಂದ ಬರುವುದನ್ನೇ ನಿಲ್ಲಿಸಿದ. ಸಾಹೇಬರಿಗೆ ಅದೇ ಅರ್ಧ ಸಾಕ್ಷಿಯಾಯಿತು. ಆಮೇಲೆ ಪಕ್ಕದ ಮನೆಯ ಬೆಕ್ಕು. ಬೆಕ್ಕು ಹೇಳಿಕೆ ಕೊಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಾರು ಕೇಳಿ ಒಯ್ದಿದ್ದ ಹೆಂಡತಿಯ ತಮ್ಮ.

"ಏನು ಹೇರ್ಕೊಂಡು ಹೋಗಿದ್ದೆ?"

"ಭಾವ, ನನ್ನ ಮೈಯೊಂದೇ ಹೇರಿದ್ದು. ಅದನ್ನೂ ಸ್ನಾನ ಮಾಡಿಸ್ಕೊಂಡೇ ಬಂದಿದ್ದೆ."

ಬಾಗಿಲು ನಾಲ್ಕಕ್ಕೂ ಸಹಿ ಮಾಡಿದ ಪ್ಲಾಸ್ಟರು ಬಿತ್ತು. ಒಂದೂ ಒಡೆಯಲಿಲ್ಲ, ವಾಸನೆ ಮಾತ್ರ ದಿನೇದಿನೇ ಬೆಳೆಯಿತು. ಇದ್ದಿಲ ಚೀಲ ಇಟ್ಟರು, ಕಾಫಿಪುಡಿ ಬಟ್ಟಲು ಇಟ್ಟರು, ನಿಂಬೆಹಣ್ಣು ಹೆಚ್ಚಿಟ್ಟರು, ಕನ್ನಡಿಗೆ ಮಲ್ಲಿಗೆ ಸೆಂಟಿನ ಬಿಲ್ಲೆ ತೂಗುಹಾಕಿದರು. ಮೂಗಿಗಿಂತ ಮೂಗುತಿ ಭಾರವಾಯಿತು.

ಹೆಂಡತಿ ಬಾಗಿಲು ತೆಗೆದು ಮೂಸಿ, "ಕೊಳೆತ ಕಾಲುಚೀಲಕ್ಕೆ ಮದುವೆ ಅಲಂಕಾರ ಮಾಡಿದ ಹಾಗಿದೆ ಕಣ್ರೀ" ಎಂದು ಬಾಗಿಲು ಹಾಕಿ ಒಳಗೆ ಹೋದರಂತೆ.

ಉಳಿದ ಅಪರಾಧಿ ನಾನೊಬ್ಬನೇ. ಬುಧವಾರ ಬೆಳಿಗ್ಗೆ, ಇಬ್ಬರು ಗಿರಾಕಿಗಳು ಕೂತಿದ್ದ ಹೊತ್ತು ನೋಡಿಯೇ ಬಂದರು.

"ಇದು ನೀರಲ್ಲಿ ಮುಳುಗಿದ ಗಾಡಿ" ಎಂದರು. "ಒಣಗಿಸಿ, ಒರೆಸಿ, ನನ್ನ ತಲೆಗೆ ಕಟ್ಟಿದ್ದೀರಿ."

ಹಳೆ ಕಾರಿನ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ, ಅದೂ ಬ್ಯಾಟರಿ ಕಾರಿನ ಮೇಲೆ. ಗಿರಾಕಿಗಳಿಬ್ಬರಿಗೂ ಒಟ್ಟಿಗೇ ಎಲ್ಲಿಗೋ ಹೋಗುವ ಅವಸರ ನೆನಪಾಯಿತು. ನನಗೂ ಅನುಮಾನ ಹತ್ತಿತು. ಕಾರು ಹಿಂದಿರುಗಿಸಲು ಈ ಮನುಷ್ಯ ನಾಟಕ ಆಡುತ್ತಿದ್ದಾರೆಯೇ? ಅಥವಾ ಆ ಹಲ್ಲಿನ ಡಾಕ್ಟರು ನನಗೇ ಟೋಪಿ ಹಾಕಿದರೇ? ಡಾಕ್ಟರಿಗೆ ಫೋನ್ ಮಾಡಿ, ಗಾಡಿ ಯಾವತ್ತಾದರೂ ನೀರಲ್ಲಿ ಮುಳುಗಿತ್ತೇ ಎಂದು ಕೇಳಿದೆ. ಅವರು "ಇಲ್ಲ" ಎಂದ ವೇಗ ನನಗೆ ಇಷ್ಟವಾಗಲಿಲ್ಲ.

ಸಂಜೆ ಸಾಹೇಬರ ಹೆಂಡತಿಯ ಫೋನ್ ಬಂತು.

"ಅಣ್ಣಾ, ಗಾಡಿ ಮೇಲೆ ನಂಬಿಕೆ ಬರ್ಲಿ ಅಂತ ಇವ್ರು ಇಷ್ಟು ದಿನ ತಡೆದ್ರು, ಕೊನೆಗೆ ಈ ಭಾನುವಾರ ತಂಗಿ ಮನೆಗೆ ಹೊರಟಿದ್ದೆ. ಅವಳೂ ದಿನ ಎಣಿಸ್ತಿದ್ದಾಳೆ. ಈ ವಾಸನೆ ಹೋಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಬರಲ್ಲ ಅಂತ ತಿಳಿಸಿಬಿಡ್ತೀನಿ. ಈ ಗಾಡೀಲೂ ಆಗಲ್ಲ ಅಂದ್ಮೇಲೆ ಇನ್ಯಾವತ್ತೂ ಕೇಳಲ್ಲ."

"ತಂಗಿಗೆ ಇನ್ನೂ ಫೋನ್ ಮಾಡ್ಬೇಡಿ ಅಮ್ಮ" ಎಂದೆ.

ಗುರುವಾರ ಬೆಳಿಗ್ಗೆ ಗಂಡ ಹೆಂಡತಿಯನ್ನು ಎಲ್ಲರೂ ಏಸಿ ಅಕ್ಕ ಎನ್ನುವ ಮೆಕ್ಯಾನಿಕ್ಕಿನ ಶೆಡ್ಡಿಗೆ ಕರೆಸಿದೆ. ಕಾರಿನ ಏಸಿ ರಿಪೇರಿಯಲ್ಲಿ ಆಕೆಯದು ಎತ್ತಿದ ಕೈ, ಮಾತು ಚಿಕ್ಕದು, ಆದರೆ ಚೂಪು. ಸಾಹೇಬರು ಕಾರು ತಂದರು, ಹೆಂಡತಿ ಹಿಂದಿನಿಂದ ತಮ್ಮನ ಸ್ಕೂಟರಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು, ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಸಾಹೇಬರು ಅಕ್ಕನ ಬೆರಳುಗಳ ಮೇಲೆ ಕಣ್ಣು ನೆಟ್ಟು ನಿಂತರು.

"ಸಾರ್, ನನ್ನ ಕೈಗೆ ದೃಷ್ಟಿಯಾಗುತ್ತೆ. ಸ್ವಲ್ಪ ಆಚೆ ನಿಲ್ಲಿ. ಕೇಸರಿ ಬಣ್ಣದ ವೈರು ಮುಟ್ಬೇಡಿ, ಅದು ಬ್ಯಾಟರಿದು."

ಅಕ್ಕ ಕಾರಿನೊಳಗೆ ಕೂತು ಗುಂಡಿಗಳನ್ನು ನೋಡಿದಳು.

"ಯಾವಾಗ್ಲೂ ಒಳಗಿನ ಗಾಳಿನೇ ತಿರುಗಿಸ್ತೀರಾ?"

"ಚಾರ್ಜ್ ಉಳಿಯುತ್ತೆ."

"ಹೊರಗಿನ ಗಾಳಿ ಟಿಕೆಟ್ ಇಲ್ದೆ ಹತ್ತಿಬಿಡುತ್ತೆ ಅಂತ ಭಯಾನಾ ಸಾರ್?"

ಹೊರಗೆ ಕುರ್ಚಿಯಲ್ಲಿದ್ದವರು ಮೂಗಿನ ಬಟ್ಟೆಯೊಳಗೇ ನಕ್ಕರು. ಅಕ್ಕ ಎಡಗಡೆಯ ಕಾಲಡಿಯ ಕಾರ್ಪೆಟ್ ಒತ್ತಿದಳು. ಪಚಕ್ ಎಂದಿತು. ನನ್ನ ಎದೆಯೂ ಪಚಕ್ ಎಂದಿತು. ಸಾಹೇಬರು ನನ್ನ ಕಡೆ ತಿರುಗಿ, ಸಿಕ್ಕಿಬಿದ್ದೆಯಾ ಎಂಬಂತೆ ನೋಡಿದರು.

"ಮುಳುಗಿದ ಗಾಡಿ. ನಾನು ಹೇಳ್ಲಿಲ್ವಾ?"

"ಮುಳುಗಿದ್ರೆ ನಾಲ್ಕು ಕಡೆನೂ ನೆನೀಬೇಕು ಸಾರ್. ಇಲ್ಲಿ ಒಂದೇ ಕಡೆ ನೆನೆದಿದೆ" ಎಂದ ಅಕ್ಕ, "ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತಾ?" ಎಂದು ಕೇಳಿದಳು.

"ಇಲ್ಲ."

"ಮೊದ್ಲು?"

"ಮೊದ್ಲು... ಸ್ವಲ್ಪ. ಆಮೇಲೆ ತಾನಾಗೇ ನಿಂತ್ಹೋಯ್ತು."

ನಾನು ಅವರ ಮುಖ ನೋಡಲಿಲ್ಲ. ಅವರೇ ಕಲಿಸಿದ ಪಾಠ, ಕೈ ನೋಡಿದೆ. ಬಲಗೈ ಬೆರಳು ಎಡಗೈಯ ಗಡಿಯಾರದ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಇತ್ತು.

ಅಕ್ಕ ಕಾರನ್ನು ಮೇಲಕ್ಕೆತ್ತಿಸಿ ಕೆಳಗೆ ಹೋದಳು. ಟಾರ್ಚ್ ಹಾಕಿದಳು.

"ಸಾಹುಕಾರ್ರೇ, ಬನ್ನಿ ಇಲ್ಲಿ" ಎಂದು ನನ್ನನ್ನು ಕರೆದಳು. "ನೀವೂ ಬನ್ನಿ ಸಾರ್. ಈ ಕಂಪನಿಯೋರು ಇಂಥದ್ದು ಹಾಕಲ್ಲ."

ಏಸಿ ನೀರು ಬೀಳುವ ಕೊಳವೆಯ ಬಾಯಿಗೆ ರಬ್ಬರಿನ ಬಿರಡೆ ಜಡಿದಿತ್ತು. ಬಿರಡೆ ಬೀಳದ ಹಾಗೆ ಬಿಳಿ ಪ್ಲಾಸ್ಟರು ಸುತ್ತಿತ್ತು. ಪ್ಲಾಸ್ಟರಿನ ಮೇಲೆ ತಾರೀಖು, ಗಾಡಿ ಸೋರುತ್ತಿದೆ ಎಂದು ನನ್ನ ಅಂಗಡಿಗೆ ಬಂದು ಹೋದ ದಿನದ ಮಾರನೆಯ ದಿನದ್ದು. ಪಕ್ಕದಲ್ಲಿ ಉದ್ದ ಬಾಲದ ಸಹಿ.

ಸಾಹೇಬರು ಕನ್ನಡಕ ಏರಿಸಿ, ಕತ್ತು ಓರೆ ಮಾಡಿ, ಬೇರೆ ಯಾರದೋ ಕಳ್ಳ ಸಹಿ ಪರೀಕ್ಷಿಸುವ ಹಾಗೆ ಬಹಳ ಹೊತ್ತು ನೋಡಿದರು. ಅರ್ಧ ಸಹಿ ಪ್ಲಾಸ್ಟರಿನ ಮೇಲೆ, ಅರ್ಧ ಕೊಳವೆಯ ಮೇಲೆ. ಎರಡೂ ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಸೀಲ್ ಒಡೆದಿಲ್ಲ" ಎಂದರು ಮೆಲ್ಲಗೆ. "ಅಂದ್ರೆ ಬೇರೆ ಯಾರೂ ಮುಟ್ಟಿಲ್ಲ."

ಸಾಹೇಬರು ಅಷ್ಟು ವರ್ಷದಲ್ಲಿ ಬರೆದ ವರದಿಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇರಲಾರದು.

ಅಕ್ಕ ಬಿರಡೆ ಕಿತ್ತಳು. ನಾವು ಹಿಂದೆ ಸರಿಯುವಷ್ಟರಲ್ಲಿ ಕಂದು ಬಣ್ಣದ ನೀರು ಜರ್ರನೆ ನೆಲಕ್ಕೆ ಬಿತ್ತು. ಆ ವಾಸನೆಗೆ ಶೆಡ್ಡಿನ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು.

"ಸಾಹುಕಾರ್ರು ಬೀಳ್ಲೇಬೇಕು ಅಂದ್ರು" ಎಂದರು ಸಾಹೇಬರು, ನೆಲ ನೋಡುತ್ತ. "ಮಾರೋನು 'ಇದು ಹೀಗೇ ಇರ್ಬೇಕು' ಅಂದ್ರೆ ಅಲ್ಲೇ ಏನೋ ಇದೆ ಅಂತ ಅರ್ಥ. ಬ್ಯಾಟರಿದೇ ಏನೋ ಸೋರ್ತಿದೆ ಅಂದ್ಕೊಂಡೆ. ಇವಳನ್ನ ಕೂರಿಸ್ಕೊಂಡು ದಾರೀಲಿ ನಿಂತ್ಹೋದ್ರೆ ಏನ್ ಗತಿ ಅಂತ..."

ಅಷ್ಟರಲ್ಲಿ ಹೆಂಡತಿ ಕುರ್ಚಿಯಿಂದೆದ್ದು ಬಂದು ಅಕ್ಕನ ಅಂಗೈಯಲ್ಲಿದ್ದ ಬಿರಡೆ ನೋಡಿದರು.

"ರೀ, ಇದು ನನ್ನ ಔಷಧಿ ಬಾಟಲೀದು!"

ಸಾಹೇಬರು ಗಡಿಯಾರದ ಪಟ್ಟಿ ಮುಟ್ಟಿದರು.

"ತಿಂಗಳ ಮೇಲಾಯ್ತು, ಬಾಟಲಿ ಬಾಯಿಗೆ ಕಾಗದ ತುರುಕ್ತಿದ್ದೀನಿ. ಕೇಳಿದ್ರೆ 'ನೀನೇ ಎಲ್ಲೋ ಇಟ್ಟಿರ್ತೀಯ, ನಿನಗೆ ಮರೆವು' ಅಂದ್ರಿ! ನನ್ನ ತಮ್ಮನ್ನ ಕಳ್ಳನ್ನ ಕೇಳ್ದಂಗೆ ಕೇಳಿದ್ರಿ. ಪಾಪ, ಆ ಬೆಕ್ಕಿಗೂ ಕಲ್ಲೆಸೆದ್ರಿ."

"ಕಲ್ಲು ಬೀಳ್ಲಿಲ್ಲ" ಎಂದರು ಸಾಹೇಬರು. ಅವರ ಪರವಾಗಿದ್ದ ಸಾಕ್ಷಿ ಅದೊಂದೇ.

ಅಕ್ಕ ಅಷ್ಟರಲ್ಲಿ ಕೆಲಸಕ್ಕೆ ಇಳಿದಿದ್ದಳು. ಡ್ಯಾಶ್‌ಬೋರ್ಡಿನ ಖಾನೆ ಬಿಚ್ಚಿ, ಹಿಂದಿದ್ದ ಗಾಳಿ ಸೋಸುವ ಫಿಲ್ಟರ್ ಎಳೆದಳು. ಕಪ್ಪು ಕಪ್ಪು ಬೂಷ್ಟು ಹಿಡಿದು ಹಳೆ ರೊಟ್ಟಿಯ ಹಾಗಿತ್ತು. ಗಾಳಿ ತಂಪಾಗುವ ಕಾಯಿಲ್‌ಗೆ ಸಣ್ಣ ಕೊಳವೆಯಿಂದ ನೊರೆ ಔಷಧಿ ತುಂಬಿ ಇಪ್ಪತ್ತು ನಿಮಿಷ ಬಿಟ್ಟಳು. ನೊರೆ ಕರಗಿ, ಬಿಡುಗಡೆಯಾದ ಕೊಳವೆಯಿಂದ ಮೊದಲು ಕಪ್ಪಗೆ, ಆಮೇಲೆ ಬೂದು, ಕೊನೆಗೆ ತಿಳಿಯಾಗಿ ಇಳಿಯಿತು. ಕಾರ್ಪೆಟ್ಟನ್ನು ಅದರಡಿಯ ಸ್ಪಂಜಿನ ಸಮೇತ ಕಿತ್ತು ಬಿಸಿಲಿಗೆ ಹಾಕಿದಳು. ಸೆಂಟಿನ ಬಿಲ್ಲೆಯನ್ನು ಕಸದ ಡಬ್ಬಿಗೆ ಎಸೆದಳು. ಎರಡು ದಿನ ಕಾರು ಬಾಗಿಲು ತೆರೆದುಕೊಂಡು ಅಲ್ಲೇ ನಿಂತಿತು. ರಾತ್ರಿ ಶೆಡ್ಡಿಗೆ ಬೀಗ ಸರಿಯಾಗಿ ಹಾಕುತ್ತೀರಾ ಎಂದು ಸಾಹೇಬರು ಮೂರು ಸಲ ಕೇಳಿದರು, ಜೇಬಿನಿಂದ ಪ್ಲಾಸ್ಟರು ಮಾತ್ರ ತೆಗೆಯಲಿಲ್ಲ.

ಶನಿವಾರ ಅಕ್ಕ ಹೊಸ ಫಿಲ್ಟರ್ ಹಾಕಿ ಕೀಲಿ ಕೊಟ್ಟಳು.

"ಮನೆ ಐದು ನಿಮಿಷ ಇದೆ ಅನ್ನೋವಾಗ ತಂಪು ನಿಲ್ಲಿಸಿ, ಬರೀ ಫ್ಯಾನ್ ಓಡ್ಸಿ. ಒಳಗಿನ ತೇವ ಒಣಗುತ್ತೆ. ಆಗಾಗ ಹೊರಗಿನ ಗಾಳಿ ಬಿಡಿ. ಕೆಳಗೆ ನೀರು ಬಿದ್ರೆ ಖುಷಿಪಡಿ. ಬೀಳ್ದಿದ್ರೆ ಫೋನ್ ಮಾಡಿ."

ಹೆಂಡತಿ ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಂದಿನ ಸೀಟಿನಲ್ಲಿ ಕೂತರು. ಸಾಹೇಬರು ಏಸಿ ಹಾಕಿದರು. ನಾವೆಲ್ಲ ಆಕೆಯ ಮೂಗನ್ನೇ ನೋಡಿದೆವು. ಒಂದು ಸಲ ಉಸಿರೆಳೆದರು, ಇನ್ನೊಂದು ಸಲ ಎಳೆದರು. ಕೆಮ್ಮಲಿಲ್ಲ.

"ಏನೂ ವಾಸನೆ ಇಲ್ಲ" ಎಂದರು. ಸ್ವಲ್ಪ ತಡೆದು, "ಅದೇ ಅನುಮಾನ" ಎಂದು ಸೇರಿಸಿದರು. ಮೂವತ್ತು ವರ್ಷದ ಸಂಸಾರ, ಸುಮ್ಮನೆ ಹೋಗುತ್ತದೆಯೇ.

ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಕಾರು ಸದ್ದಿಲ್ಲದೆ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಆಕೆ ಹೊಸ ಸೀರೆಯುಟ್ಟು, ತೊಡೆಯ ಮೇಲೆ ತಂಗಿಗೆಂದು ಕಟ್ಟಿದ ಬುತ್ತಿ ಇಟ್ಟುಕೊಂಡು ಕೂತಿದ್ದರು. ಸಾಹೇಬರು ಇಳಿದು, ಮಂಡಿಯೂರಿ ಕಾರಿನ ಕೆಳಗೆ ಬಗ್ಗಿದರು.

"ಬೀಳ್ತಿದೆ" ಎಂದರು. ಆಮೇಲೆ ಎದ್ದು, "ನಿಮಿಷಕ್ಕೆ ಎಷ್ಟು ಹನಿ ಬೀಳ್ಬೇಕು?" ಎಂದು ಕೇಳಿದರು.

"ನನಗೆ ಗೊತ್ತಿಲ್ಲ ಸಾಹೇಬ್ರೆ."

ಅವರು ನನ್ನ ಕೈ ನೋಡಿದರು. ನಾನು ಮೊದಲೇ ಎರಡೂ ಕೈ ಜೇಬಿಗಿಳಿಸಿದ್ದೆ.

"ರೀ, ತಂಗಿ ಬಾಗಿಲಲ್ಲಿ ಕೂತಿರ್ತಾಳೆ. ಹನಿ ಎಣಿಸೋದು ಅಲ್ಲಿ ಹೋಗಿ ಎಣಿಸಿ" ಎಂದರು ಆಕೆ. ಆಮೇಲೆ ನನ್ನತ್ತ ಬಗ್ಗಿ, ಕೈಚೀಲ ತೆರೆದು ತೋರಿಸಿದರು. ಒಳಗೆ ರಬ್ಬರಿನ ಬಿರಡೆಯೂ ಬಿಳಿ ಪ್ಲಾಸ್ಟರಿನ ಸುರುಳಿಯೂ ಇದ್ದವು. "ಎರಡೂ ಇನ್ಮೇಲೆ ನನ್ನ ಹತ್ರಾನೇ ಇರುತ್ತೆ ಅಣ್ಣಾ. ಈ ಮನುಷ್ಯ ಇನ್ನೇನು ಮುಚ್ಚಿಬಿಡ್ತಾರೋ ಯಾರಿಗ್ಗೊತ್ತು!"

ಕಾರು ತಿರುವು ದಾಟಿ ಹೋಯಿತು. ಎರಡು ವರ್ಷದ ಮೇಲೆ ಬೀದಿಯ ಮೂಲೆ ದಾಟಿ ಅಷ್ಟು ದೂರ ಹೊರಟ ಹೆಂಗಸು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನನ್ನ ಅಂಗಡಿಯ ಮುಂದೆ ಅಂಗೈಯಗಲ ಒದ್ದೆ ಉಳಿದಿತ್ತು. ಅತ್ತಿತ್ತ ನೋಡಿ, ಬಗ್ಗಿ ಬೆರಳು ಅದ್ದಿ ಮೂಸಿದೆ. ಬರೀ ನೀರು. ಆ ಹಲ್ಲಿನ ಡಾಕ್ಟರು ನಿಜವನ್ನೇ ಹೇಳಿದ್ದರು.