ಐದನೆಯ ಬಾಗಿಲು

ಆಕೆ ಬಿದ್ದಾಗ ನಾವು ಯಾರೂ ಏಳಲಿಲ್ಲ. ಬೀಳುವುದು ಪೂಜೆಯದೇ ಒಂದು ಭಾಗ ಎಂದು ನಮಗೆಲ್ಲ ಗೊತ್ತಿತ್ತು.

ಹೊರದೇಶದಲ್ಲಿ ನಾನಿರುವ ಊರು ಥಾರ್ನ್‌ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಒಬ್ಬರೇ ಇರುತ್ತಾರೆ. ಚರ್ಚಿಗೆ ಹೋಗುವುದನ್ನು ಎಂದೋ ಬಿಟ್ಟು, ಹಳೆಯ ನಾಡುಗಳ ದೇವಿಯರನ್ನು ಪೂಜಿಸುವ ಸಣ್ಣ ಗುಂಪೊಂದನ್ನು ಕಟ್ಟಿಕೊಂಡಿದ್ದರು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು, ಕೊಳ್ಳೇಗಾಲದಿಂದ ಬಂದಿದ್ದ ನನ್ನ ಅವ್ವನನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಕಪಾಟಿನ ತುಂಬ ದೇವಿಯರು. ರೆಕ್ಕೆ ಬಿಚ್ಚಿದ ಈಜಿಪ್ಟಿನವಳು, ಗೋಧಿ ತೆನೆ ಹಿಡಿದ ಗ್ರೀಸಿನವಳು, ಅಂಗೈಯಲ್ಲಿ ಬೆಂಕಿ ಇಟ್ಟುಕೊಂಡ ಐರ್ಲೆಂಡಿನವಳು, ಮೂಲೆಯಲ್ಲಿ ಒಂದು ಗಿಡ್ಡ ಕಾಳಿ.

"ಇವ್ಳ ತಾವ ನಮ್ಮನೇಗಿಂತ ಜಾಸ್ತಿ ದೇವ್ರವೆ ಕಣೆ," ಎಂದಳು ಅವ್ವ. "ಒಬ್ರ ಹಣೆ ಮ್ಯಾಲೂ ಕುಂಕುಮ ಇಲ್ಲ, ನೋಡು."

ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ಕಾಳಿಗೆ ಇಟ್ಟಳು. ಪಕ್ಕದ ಮನೆಯಾಕೆ ನಕ್ಕು ತಮ್ಮ ಹಣೆಯನ್ನೂ ಬಗ್ಗಿಸಿದರು. ಆವತ್ತಿನಿಂದ ಭಾಷೆಯಿಲ್ಲದೆಯೇ ಅವರಿಬ್ಬರಿಗೂ ಸ್ನೇಹವಾಯಿತು. ಅವರ ಕಣ್ಣಿನ ಬಣ್ಣ ನೋಡಿ ಅವ್ವ ಬೂದುಗಣ್ಣಮ್ಮ ಎಂದು ಹೆಸರಿಟ್ಟಳು.

ಫೆಬ್ರವರಿಯಲ್ಲಿ ಅವರ ಗುಂಪು ಸುಮೇರಿನ ದೇವಿ ಇನಾನ್ನಾಳ ಪೂಜೆ ಮಾಡುತ್ತಿತ್ತು. ಕತೆಯನ್ನು ಆಕೆಯೇ ನನಗೆ ಹೇಳಿದ್ದರು. ಆಕಾಶದ ಒಡತಿಯಾದ ದೇವಿ ಸತ್ತವರ ಲೋಕವನ್ನು ಆಳುವ ತನ್ನ ಅಕ್ಕನನ್ನು ನೋಡಲು ಇಳಿದು ಹೋಗುತ್ತಾಳೆ. ದಾರಿಯಲ್ಲಿ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ಕಾವಲುಗಾರ ಮೈಮೇಲಿನ ಒಂದೊಂದು ವಸ್ತುವನ್ನು ತೆಗೆಸುತ್ತಾನೆ. ಏಳನೆಯದನ್ನೂ ದಾಟಿ ಬರಿಗೈಯಲ್ಲಿ ನಿಂತ ದೇವಿಯನ್ನು ಅಕ್ಕ ಒಂದು ನೋಟದಲ್ಲಿ ಹೆಣವಾಗಿಸುತ್ತಾಳೆ. ಆಮೇಲೆ ಮೇಲಿನಿಂದ ಅನ್ನ ನೀರು ಬಂದು ದೇವಿ ಮತ್ತೆ ಎದ್ದು ಕೂರುತ್ತಾಳೆ. ಪೂಜೆಯಲ್ಲಿ ಪಕ್ಕದ ಮನೆಯಾಕೆಯೇ ದೇವಿ. ಒಂದೊಂದೇ ಒಡವೆ ತೆಗೆದಿಟ್ಟು ಕೊನೆಗೆ ನೆಲಕ್ಕೆ ಬಿದ್ದು ಸತ್ತಂತೆ ಮಲಗಬೇಕು. ಉಳಿದವರು ಕಣ್ಣು ಮುಚ್ಚಿ ಮೆಲುದನಿಯಲ್ಲಿ ಗುನುಗಬೇಕು.

"ಅಮ್ಮನೋರ ಪೂಜೆಗೆ ಕರೆದ್ಮೇಲೆ ಹೋಗ್ದೆ ಇರಕಾಯ್ತದಾ?" ಎಂದು ಅವ್ವ ಸೀರೆ ಉಟ್ಟು, ಮೇಲೆ ನನ್ನ ದಪ್ಪ ಜಾಕೆಟು ಹಾಕಿಕೊಂಡು ತಯಾರಾದಳು.

ಪ್ರತಿವರ್ಷ ಹಿತ್ತಲಲ್ಲಿ ಬೆಂಕಿಯ ಸುತ್ತ ನಡೆಯುತ್ತಿದ್ದ ಪೂಜೆ. ಆ ಭಾನುವಾರ ಮಧ್ಯಾಹ್ನ ಕಿವಿ ಕೊಯ್ಯುವ ಗಾಳಿಯಿತ್ತು. ಅದಕ್ಕೆ ಗರಾಜಿನೊಳಗೆ ಮಾಡುವುದೆಂದು ತೀರ್ಮಾನವಾಗಿತ್ತು. ದೊಡ್ಡ ಬಾಗಿಲು ಇಳಿಸಿ, ಅಡಿಯಿಂದ ಗಾಳಿ ನುಗ್ಗದ ಹಾಗೆ ಹಳೆಯ ಟವೆಲುಗಳನ್ನು ಒತ್ತಿದ್ದರು. ಬೇಸಿಗೆಯಲ್ಲಿ ಹೊರಗೆ ಅಡುಗೆ ಮಾಡುವ ಬಾರ್ಬೆಕ್ಯೂ ಒಲೆಯನ್ನು ನಡುವೆ ಇಟ್ಟು ಇದ್ದಿಲು ಹೊತ್ತಿಸಿದ್ದರು. ನಾವು ಹೋಗುವ ಹೊತ್ತಿಗೆ ಕೆಂಡ ಹದವಾಗಿ ಹತ್ತಿಕೊಂಡಿತ್ತು. ಹೊಗೆಯೇ ಇರಲಿಲ್ಲ. ಅವ್ವ ಅಂಗೈ ಕಾಯಿಸಿಕೊಳ್ಳುತ್ತ, "ನಮ್ಮ ಅಗ್ಗಿಷ್ಟಿಕೆ ಇದ್ದಂಗೈತೆ," ಎಂದಳು. ಊರಿನಲ್ಲಿ ಹೆಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು ಎನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾವಿಬ್ಬರು, ಗುಂಪಿನ ಇಬ್ಬರು ಹೆಂಗಸರು ಗೋಡೆಗೆ ಒರಗಿ ಕಂಬಳಿಯ ಮೇಲೆ ಕೂತೆವು. ಆಕೆ ಒಲೆಯ ಪಕ್ಕದಲ್ಲೇ ನಿಂತಿದ್ದರು. ನಾವು ಬರುವುದಕ್ಕೆ ಬಹಳ ಮುಂಚಿನಿಂದ ಅಲ್ಲೇ ಇದ್ದರು. ಒಣ ಎಲೆಯ ಕಿರೀಟ ತೆಗೆದಿಟ್ಟರು. ಆಮೇಲೆ ಓಲೆ, ಸರ, ಉಂಗುರ. ಪ್ರತಿ ಬಾಗಿಲಿಗೂ ಒಂದು ಸಾಲು ಹಾಡುತ್ತಿದ್ದರು. ನಾಲ್ಕನೆಯದರಲ್ಲಿ ರಾಗ ಎಲ್ಲೋ ಜಾರಿತು. ಬಳೆ ತೆಗೆಯುವಾಗ ಮೈ ತೂಗುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು.

ಅವ್ವ ಕೈ ಮುಗಿದಳು. ಅವಳ ತಂಗಿಯ ಮೈಮೇಲೆ ಮಂಗಳವಾರ ಮಾರಮ್ಮ ಬರುತ್ತಿದ್ದಳು. ಆಗಲೂ ಮೊದಲು ಮೈ ಹೀಗೇ ತೂಗುತ್ತಿತ್ತು. ಚಿಕ್ಕಂದಿನಲ್ಲಿ ನಾನೂ ನೋಡಿದ್ದೇನೆ.

"ಬಂದ್ಳು ಕಣೆ," ಎಂದು ಅವ್ವ ಪಿಸುಗುಟ್ಟಿದಳು.

ಆಕೆ ಬಿದ್ದರು. ಸೊಂಟದ ಪಟ್ಟಿ, ಹೊದ್ದ ಶಾಲು ಇನ್ನೂ ಮೈಮೇಲೇ ಇದ್ದವು. ಎರಡು ಬಾಗಿಲು ಬಾಕಿ. ನಾನು ಅದನ್ನು ನೋಡಿದೆ. ಮರೆತರೇನೋ ಅಂದುಕೊಂಡೆ. ಈಗ ಹಲ್ಲುಜ್ಜುವಾಗ, ಕಾರು ಓಡಿಸುವಾಗ ಆ ಶಾಲು ಕಣ್ಣ ಮುಂದೆ ಬರುತ್ತದೆ. ಕಂದು ಬಣ್ಣದ್ದು, ಅಂಚಿನಲ್ಲಿ ದಾರ ಕಿತ್ತು ಬಂದಿತ್ತು. ಇಬ್ಬರು ಹೆಂಗಸರು ಕಣ್ಣು ಮುಚ್ಚಿ ಗುನುಗತೊಡಗಿದರು. ಅವ್ವ ನೆಲದ ಮೇಲಿದ್ದವರನ್ನು ನೋಡಿ, "ತಾಯೀ, ನನ್ ಮಗಳ ಮಂಡಿ ನೋವು ವಾಸಿ ಆಯ್ತದಾ?" ಎಂದು ಕೇಳಿದಳು. ನನಗೆ ತಲೆ ಸಿಡಿಯುತ್ತಿತ್ತು. ಮೂಲೆಯಲ್ಲಿ ಹಚ್ಚಿಟ್ಟಿದ್ದ ಧೂಪದ ವಾಸನೆಗೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅವ್ವ ನನ್ನ ತೋಳು ಹಿಡಿದಳು. "ವಾಕರಿಕೆ ಬತ್ತದೆ ಕಣೆ."

"ಹೊರಗೆ ಹೋಗೋಣ್ವಾ?"

"ಸುಮ್ಕಿರು. ಅಮ್ಮ ಬಂದಾಗ ಎದ್ದೋಗ್ಬಾರ್ದು."

ತಡೆದುಕೊಂಡಳು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಸೆರಗಿಗೆ ವಾಂತಿ ಮಾಡಿಕೊಂಡಳು. ದೇವಿಯ ಮುಂದೆ ಮೈಲಿಗೆಯಾಯಿತಲ್ಲ ಎಂದು ಗಾಬರಿಯಾಗಿ, ನನ್ನನ್ನೂ ಎಳೆದುಕೊಂಡು ಪಕ್ಕದ ಚಿಕ್ಕ ಬಾಗಿಲಿನ ಕಡೆ ತೆವಳಿದಳು. ನಾನು ಚಿಲಕ ತಿರುಗಿಸಿದೆ. ಇಬ್ಬರೂ ಹಿಮದ ಮೇಲೆ ಬಿದ್ದೆವು.

ತಣ್ಣನೆಯ ಗಾಳಿ ಒಳಗೆ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಗುನುಗು ನಿಂತಿತ್ತು. ತಿರುಗಿ ನೋಡಿದೆ. ಒಬ್ಬಾಕೆ ಇನ್ನೊಬ್ಬಾಕೆಯ ಹೆಗಲ ಮೇಲೆ ತಲೆಯಿಟ್ಟಿದ್ದರು. ಇಬ್ಬರ ಬಾಯಿಯೂ ತೆರೆದಿತ್ತು. ಉಸಿರು ಬಿಗಿಹಿಡಿದು ಒಳಗೆ ಹೋಗಿ ದೊಡ್ಡ ಬಾಗಿಲಿನ ಗುಂಡಿ ಒತ್ತಿದೆ. ಬಾಗಿಲು ಎಷ್ಟು ನಿಧಾನ ಏಳುತ್ತದೆ ಎನ್ನುವುದು ಆವತ್ತು ತಿಳಿಯಿತು. ಪಕ್ಕದ ಮನೆಯಾಕೆಯ ಕಾಲು ಹಿಡಿದು ಹೊರಗೆಳೆದೆ. ತಲೆ ಸಿಮೆಂಟಿನ ಮೇಲೆ ಕುಟ್ಟುತ್ತ ಬಂತು. ಫೋನಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ಅಗ್ನಿಶಾಮಕದವರು ಬಂದಾಗ ಅವರ ಭುಜಕ್ಕೆ ಸಿಕ್ಕಿಸಿದ, ವಿಷಗಾಳಿ ಅಳೆಯುವ ಯಂತ್ರ ಬಾಗಿಲಲ್ಲೇ ಕಿರುಚಿಕೊಂಡಿತು. ಉಳಿದಿಬ್ಬರನ್ನು ಅವರೇ ಹೊತ್ತು ಹೊರತಂದರು. ಅವರಲ್ಲೊಬ್ಬ ಒಲೆಯನ್ನು ನೋಡಿ, "ಇದನ್ನ ಒಳಗೆ ಹಚ್ಚಿದ್ದು ಯಾರು?" ಎಂದ. ಬೈಯುವ ದನಿಯಲ್ಲ, ದಣಿದ ದನಿ. ಇದ್ದಿಲಿನ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾನು ಕೆಮಿಸ್ಟ್ರಿ ಓದಿದವಳು.

ಎಲ್ಲರೂ ಬದುಕಿದೆವು. ಅವ್ವನನ್ನು ಒಂದು ರಾತ್ರಿ ಆಕ್ಸಿಜನ್ ಇಟ್ಟು ಮನೆಗೆ ಕಳಿಸಿದರು. ಪಕ್ಕದ ಮನೆಯಾಕೆ ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಬಂದ ಮೇಲೆ ಚಮಚ ಹಿಡಿದರೆ ಕೈ ನಡುಗುತ್ತಿತ್ತು. ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಿದ್ದರು. ಹಾಡಲು ಹೋದರೆ ಎರಡನೆಯ ಸಾಲಿಗೇ ರಾಗ ಮರೆತುಹೋಗುತ್ತಿತ್ತು.

ಕಳೆದ ವಾರ ಅವ್ವ ಮಾಡಿದ ತಿಳಿಸಾರು ತೆಗೆದುಕೊಂಡು ಹೋದೆವು. ಆಕೆ ನನ್ನ ಕೈ ಹಿಡಿದುಕೊಂಡರು.

"ನೀನು ಅಲ್ಲೇ ಇದ್ದೆ. ಅವಳು ಬಂದಳು, ಅಲ್ಲವಾ? ನನಗೆ ಬಾಗಿಲುಗಳು ಕಂಡವು. ಕಾವಲಿನವನೂ ಕಂಡ."

"ಅದು ಗ್ಯಾಸು," ಎಂದೆ. "ದೇವಿ ಬರಲಿಲ್ಲ. ನೀವು ಸಾಯ್ತಾ ಇದ್ರಿ."

"ಇಳಿಯೋದು ಅಂದರೆ ಅದೇ." ಪದಕ್ಕಾಗಿ ಹುಡುಕಿದರು. "ಐದನೆಯದರಲ್ಲಿ ನಿಂತುಬಿಟ್ಟೆ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನ ಉಳಿದೆರಡನ್ನು ದಾಟಬೇಕು. ಈ ಸಲ ಬೇರೆ ಯಾರನ್ನೂ ಕರೆಯಲ್ಲ." ನನ್ನ ಮುಖ ನೋಡಿ ಮೆಲ್ಲಗೆ ಬೆನ್ನು ತಟ್ಟಿದರು. "ನೀನು ಬಾಗಿಲು ತೆಗೆದೆ ಅಂತ ನನಗೆ ಕೋಪವಿಲ್ಲ."

ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಬಂದಿದ್ದು ಅಮ್ಮನೇ ಕಣೆ," ಎಂದಳು. "ನೀನ್ಯಾಕೆ ಇಲ್ಲ ಅಂದೆ?"

"ಅವ್ವ, ಇವ್ರು ಮತ್ತೆ ಅದೇ ಮಾಡ್ತಾರಂತೆ. ಒಬ್ರೇ."

ಅವ್ವ ಎದ್ದು ಗರಾಜಿಗೆ ಹೋಗಿ ಒಲೆಯನ್ನು ತೋರಿಸಿ, ನನಗೆ ಕೊಡು ಎಂದು ಎರಡು ಕೈಯಿಂದ ಸನ್ನೆ ಮಾಡಿದಳು. ಬದನೆಕಾಯಿ ಸುಡೋದಕ್ಕೆ ಅಂತ ಹೇಳು ಎಂದಳು ನನಗೆ. ಹೇಳಿದೆ. ಆಕೆ ಸಂತೋಷದಿಂದ ಕೊಟ್ಟರು. ಇಬ್ಬರೂ ಹೊತ್ತು ತಂದು ನಮ್ಮ ಬೇಸ್‌ಮೆಂಟಿನಲ್ಲಿ ಇಟ್ಟೆವು. ಅವರ ಡಾಕ್ಟರಿಗೂ ಗುಂಪಿನ ಇಬ್ಬರಿಗೂ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

ಇವತ್ತು ತರಕಾರಿಗೆ ಹೋದಾಗ ಅಂಗಡಿಯ ಮುಂದೆ ಬೇಸಿಗೆಯ ಸಾಮಾನು ಜೋಡಿಸುತ್ತಿದ್ದರು. ಬಾಗಿಲಲ್ಲೇ ಅಂಥ ಒಲೆಗಳ ಸಾಲು, ಪಕ್ಕದಲ್ಲಿ ಇದ್ದಿಲಿನ ಚೀಲಗಳು. ಈಗ ನಾನು ಬರೆಯುತ್ತ ಕೂತಿರುವುದು ಅವರ ಗರಾಜು ಕಾಣುವ ಕಿಟಕಿಯ ಬಳಿ. ಬಾಗಿಲು ಮುಚ್ಚಿದೆ.