ಹುಣಸೆಹಣ್ಣು ಮತ್ತು ಯುದ್ಧದ ಲಾರಿ

ನಮ್ಮ ಮನೆಯಲ್ಲಿ ಹುಣಸೆಹಣ್ಣಿಗೆ ಎರಡು ಕೆಲಸ: ಒಂದು ಸಾರಿಗೆ, ಇನ್ನೊಂದು ಲಾರಿಗೆ. ಸಾರಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಲಾರಿಯ ವಿಷಯ ಹೇಳದೆ ಗತಿಯಿಲ್ಲ. ಧಾರವಾಡದ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವುದು ಅದನ್ನೇ. ಹಿತ್ತಲಿನಲ್ಲಿ, ಪೇರಲ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಹಿಂದಿನ ಮಹಾಯುದ್ಧದ ಕಾಲದ ಮಿಲಿಟರಿ ಲಾರಿಯೊಂದು ನಿಂತಿದೆ. ಅದರ ಎರಡು ದೀಪಗಳು, ಮುಂದಿನ ನೀರಿನ ಪೆಟ್ಟಿಗೆಯ ಅಂಚು, ಪೆಟ್ರೋಲ್ ಟಾಕಿಯ ಮುಚ್ಚಳ, ಎಲ್ಲವೂ ಹಿತ್ತಾಳೆಯವು. ದೇವರ ಸಾಮಾನು ತಿಕ್ಕುವಾಗ ಅವನ್ನೂ ತಿಕ್ಕುವುದು ನನ್ನ ಪಾಲಿಗೆ ಬಂದ ಕೆಲಸ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕರವಸ್ತ್ರದ ಅಂಚಿಗೆ ಹೂ ಹೆಣೆಯುವುದನ್ನೂ, ಚಹದ ಬಟ್ಟಲನ್ನು ಸಪ್ಪಳವಾಗದಂತೆ ತಟ್ಟೆಯ ಮೇಲಿಡುವುದನ್ನೂ ಕಲಿಸಿದ್ದರು. ಲಾರಿ ಅವರ ಪಾಠದಲ್ಲಿ ಇರಲಿಲ್ಲ.

ನಮ್ಮ ಯಜಮಾನರದು ಹತ್ತಿಯ ವ್ಯಾಪಾರ. ಹುಬ್ಬಳ್ಳಿಯ ಒಂದು ಹತ್ತಿ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ಹಲವು ವರ್ಷಗಳಿಂದ ಕೋಳಿಗಳ ವಸತಿಗೃಹವಾಗಿದ್ದ ಈ ಲಾರಿಯನ್ನು ಅವರು ಒಂದು ಮಧ್ಯಾಹ್ನ ಕಂಡರು. ಕೆಲವರು ಹೀಗೆ ಸಂಗೀತಕ್ಕೆ ಮರುಳಾಗುತ್ತಾರೆ, ಕೆಲವರು ಇಸ್ಪೀಟಿಗೆ. ಇವರು ತುಕ್ಕಿಗೆ ಮರುಳಾದರು. ಎರಡು ಜೋಡಿ ಎತ್ತುಗಳು ಅದನ್ನು ನಮ್ಮ ಹಿತ್ತಲಿಗೆ ಎಳೆದು ತಂದವು. ಸೀಟಿನ ಕೆಳಗೆ ಮೂರು ಮೊಟ್ಟೆಗಳಿದ್ದವು. ನಮ್ಮದು ಲಿಂಗವಂತರ ಮನೆ. ಅವನ್ನು ಯಾರು ಮುಟ್ಟಿ ತೆಗೆಯಬೇಕೆಂಬ ಚರ್ಚೆಯಲ್ಲೇ ಮೊದಲ ರವಿವಾರ ಕಳೆಯಿತು.

ಕೊನೆಗೆ ತೆಗೆದವರು ಖಾದರಸಾಬರು. ಯೌವನದಲ್ಲಿ ಸೈನ್ಯದ ಲಾರಿಗಳ ರಿಪೇರಿಗೆಂದು ಇರಾಕಿನ ಬಸ್ರಾಕ್ಕೆ ಹೋಗಿ, ಒಂದು ಕಿವಿಯ ಕೇಳುವ ಶಕ್ತಿಯನ್ನು ಅಲ್ಲೇ ಬಿಟ್ಟು ಬಂದ ಮಿಸ್ತ್ರಿ. ಉಳಿದ ಕಿವಿಗೆ ಸ್ಕ್ರೂಡ್ರೈವರಿನ ಹಿಡಿ ಒತ್ತಿಕೊಂಡು, ಅದರ ತುದಿಯನ್ನು ಯಂತ್ರಕ್ಕೆ ತಾಗಿಸಿ, ವೈದ್ಯರು ಎದೆಬಡಿತ ಆಲಿಸುವಂತೆ ಆಲಿಸುತ್ತಿದ್ದರು. ಇವರು ಅವರನ್ನು ಕರೆಯುವುದು ಖಾದರ ಕಾಕಾ ಎಂದು. ಬೆಸುಗೆಯಲ್ಲಿ ಅವರ ಕೈ ಎಂದರೆ ಊರಿಗೇ ನಂಬಿಕೆ. ನಮ್ಮತ್ತೆಯವರ ತವರಿನ ತಾಮ್ರದ ಹಂಡೆಯ ತಳವನ್ನು ಅವರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ.

ಮೂರು ವರ್ಷಗಳ ರವಿವಾರಗಳು ಹೀಗೆ ಹೋದವು. ಬಂದವರೆಲ್ಲ, "ಇದರಾಗ ಏನು ಹೇರ್ತೀರಿ?" ಎಂದು ಕೇಳುತ್ತಿದ್ದರು. "ಏನೂ ಇಲ್ರಿ" ಎಂದು ಇವರು ಸಮಾಧಾನದಿಂದ ಉತ್ತರಿಸುತ್ತಿದ್ದರು. ಅತ್ತೆಯವರಿಗೆ ಮಾತ್ರ ಈ ಉತ್ತರ ರುಚಿಸುತ್ತಿರಲಿಲ್ಲ. ಏನನ್ನೂ ಹೇರದ ಗಾಡಿಗೆ ಅಷ್ಟು ದೊಡ್ಡ ಬೆನ್ನೇಕೆ ಎಂಬುದು ಅವರ ಪ್ರಶ್ನೆ. ನನಗೆ ಈಗಲೂ ಅದಕ್ಕೆ ಉತ್ತರ ಗೊತ್ತಿಲ್ಲ. ಗುಂಡು ಮದ್ದು ಹೊತ್ತು ತಿರುಗಲೆಂದು ಹುಟ್ಟಿದ ವಸ್ತುವೊಂದಕ್ಕೆ ಮುಪ್ಪಿನಲ್ಲಾದರೂ ಏನನ್ನೂ ಹೊರದೆ ಇರುವ ಸುಖ ಸಿಗಲಿ ಎಂದುಕೊಂಡು ಸುಮ್ಮನೆ ದೀಪ ತಿಕ್ಕುತ್ತಿದ್ದೆ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಲಾರಿ ಉಸಿರಾಡಿತು. ಟಾಕಿಗಿದ್ದ ತೂತುಗಳನ್ನೆಲ್ಲ ಖಾದರಸಾಬರು ಬೆಸೆದಿದ್ದರು. ಹಿಡಿಕೆ ತಿರುವಿದ ಏಳನೆಯ ಸಲಕ್ಕೆ ಯಂತ್ರ ಕೆಮ್ಮಿ, ಗುಡುಗಿ, ಪೇರಲ ಗಿಡದ ಗಿಳಿಗಳನ್ನೆಲ್ಲ ಒಮ್ಮೆಲೇ ಹಾರಿಸಿತು. ಖಾದರಸಾಬರು ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು, ಮುಖವನ್ನು ಗೋಡೆಯತ್ತ ತಿರುಗಿಸಿ, ಬಹಳ ಹೊತ್ತು ಕೈ ಒರೆಸಿಕೊಂಡರು.

ಮರುದಿನ ಪೂಜೆ. ಗಂಡಸರು ಅಂಗಡಿಯ ತಕ್ಕಡಿಗಳ ಪೂಜೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಅತ್ತೆಯವರು ಲಾರಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಒಂದು ಕ್ಷಣ ಯೋಚಿಸಿ, "ಯವ್ವಾ, ಇದರ ಬಾಯಿ ಎಲ್ಲೈತಿ?" ಎಂದರು.

"ಬಾಯಿ ಯಾಕ್ರಿ ಅತ್ತಿ?"

"ನೈವೇದ್ಯ ಎಲ್ಲಿ ಇಡೂದು ಮತ್ತ? ಇಂಗ್ಲೀಷ್ ಸಾಲಿ ಕಲ್ತಾಕಿ, ಇಷ್ಟು ಗೊತ್ತಿಲ್ಲೇನು?"

ಕಲಿತವಳೆಂಬ ಮಾತು ಬಂದ ಮೇಲೆ ಗೊತ್ತಿಲ್ಲ ಎನ್ನುವುದು ಕಷ್ಟ. ದಿನವೂ ನಾನೇ ತಿಕ್ಕುತ್ತಿದ್ದ ಮುಚ್ಚಳ ಕಣ್ಣೆದುರಿಗಿತ್ತು. ಇವರು ಅದರಿಂದಲೇ ಪೆಟ್ರೋಲ್ ಕುಡಿಸುವುದನ್ನು ಕಂಡಿದ್ದೆ. ಕುಡಿಯುವುದು ಬಾಯಿಯಿಂದಲೇ ಅಲ್ಲವೆ? ತಿರುವಿ ತೆಗೆದೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಕೂಡಿದ ಪಂಚಾಮೃತವನ್ನು ಅತ್ತೆಯವರು ಭಕ್ತಿಯಿಂದ ಒಂದು ಚಮಚ ಬಿಟ್ಟರು. ಲಾರಿ ಆಕ್ಷೇಪಿಸಲಿಲ್ಲ.

ಮುಂದಿನ ರವಿವಾರ ಸುಳ್ಳ ಎಂಬ ಹಳ್ಳಿಯ ನಮ್ಮ ಬಂಧುಗಳಿಗೆ ತೋರಿಸಿ ಬರಲೆಂದು ಇವರೂ ಖಾದರಸಾಬರೂ ಹೊರಟರು. ಬೈರಿದೇವರಕೊಪ್ಪದ ಹತ್ತಿರ ಲಾರಿ ನಿಂತಿತು. ಅದೇ ಎರಡು ಜೋಡಿ ಎತ್ತುಗಳಂತೆ ಕಾಣುವ ಬೇರೆ ಎರಡು ಜೋಡಿ ಎತ್ತುಗಳು ಅದನ್ನು ಮರಳಿ ತಂದವು. ದಾರಿಯಲ್ಲಿ ಹೊಲದವನೊಬ್ಬ, "ಏನ್ರೀ ಸಾವ್ಕಾರ್ರ, ಯುದ್ಧ ಗೆದ್ದು ಬಂತೋ, ಸೋತು ಬಂತೋ?" ಎಂದು ಕೇಳಿದನಂತೆ. ಇವರು ರಾತ್ರಿ ಊಟ ಮಾಡಲಿಲ್ಲ.

ಖಾದರಸಾಬರು ಕೊಳವೆ ಬಿಚ್ಚಿದರು. ಒಳಗೆ ಬಿಳಿಯ ಚೂರುಗಳು, ಅಂಟು. ಅವನ್ನು ಬೆರಳಲ್ಲಿ ಹೊಸಕಿ, ಬೆಸುಗೆಗೆ ಹಚ್ಚಿದ ರಾಳವೆಂದೇ ತಿಳಿದು, "ನನ್ನ ಬೆಸಗಿ ಬಿಟ್ಟೈತಿ" ಎಂದರು. ಟಾಕಿ ಇಳಿಸಿ, ತೊಳೆದು, ಮತ್ತೆ ಬೆಸೆದರು. ಲಾರಿ ಓಡಿತು, ವಾರ ತುಂಬುವುದರೊಳಗೆ ನಿಂತಿತು. ಮತ್ತೆ ಬಿಚ್ಚಿದರು, ಮತ್ತೆ ಬಿಳಿ ಚೂರು. ಹೀಗೆ ನಾಲ್ಕು ಸಲ. ನನಗೆ ಮೊದಲ ಸಲವೇ ಸಂಶಯ ಬಂದಿತ್ತು, ಸುಳ್ಳು ಹೇಳಲಾರೆ. ಆದರೆ ಒಂದು ಚಮಚ ಪಂಚಾಮೃತ ನಾಲ್ಕು ಸಲ ತೊಳೆದ ಮೇಲೂ ಉಳಿದೀತೇ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡಿದ್ದೆ. ಸುಮ್ಮನಿರುವುದು ಸೌಜನ್ಯದ ಲಕ್ಷಣವೆಂದು ಸಿಸ್ಟರುಗಳು ಕಲಿಸಿದ್ದರು. ಅದು ಕೆಲವೊಮ್ಮೆ ಹೇಡಿತನದ ಇಸ್ತ್ರಿ ಮಾಡಿದ ಬಟ್ಟೆ ಎಂಬುದನ್ನು ನಾನೇ ಕಲಿಯಬೇಕಾಯಿತು.

ಕಲಿತದ್ದು ಐದನೆಯ ರವಿವಾರ. ಖಾದರಸಾಬರು ಹೆಗಲ ಮೇಲೆ ಅತ್ತೆಯವರ ತಾಮ್ರದ ಹಂಡೆ ಹೊತ್ತು ಬಂದರು. ತಳ ಬೆಸೆಯಲೆಂದು ಕೊಟ್ಟಿದ್ದ ಅದು ಹೇಗೆ ಹೋಗಿತ್ತೋ ಹಾಗೇ ಮರಳಿತ್ತು. ಅದನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟು, "ಅವ್ವಾರ, ಬ್ಯಾರೆ ಯಾರಿಗರೆ ಕೊಡ್ರಿ. ನನ್ನ ಕೈ ಹೋತು. ನಾಳಿಂದ ಅಂಗಡಿ ತಗ್ಯೂದಿಲ್ಲ" ಎಂದರು.

"ಕಾಕಾ, ಹಂಗ್ಯಾಕ ಅಂತೀರಿ?" ಎಂದರು ಇವರು.

"ಬಸ್ರಾದಾಗ ಉಸುಕಿನ ಗಾಳ್ಯಾಗ ನಿಂತು ಬೆಸದೇನ್ರಿ ಸಾವ್ಕಾರ್ರ, ಒಂದೂ ಬಿಟ್ಟಿಲ್ಲ. ಇಲ್ಲೆ ಪೇರಲ ಗಿಡದ ನೆಳ್ಳಾಗ ನಾಕು ಸಲ ಬಿಟ್ಟೈತಿ. ಇನ್ನ ಮಂದಿ ಸಾಮಾನು ಕೆಡಿಸೂದು ಬ್ಯಾಡ."

ಇಪ್ಪತ್ತು ವರ್ಷಗಳ ಹೆಸರನ್ನು ಅವರು ನಮ್ಮ ಕಟ್ಟೆಯ ಮೇಲೆ, ಹಂಡೆಯ ಪಕ್ಕದಲ್ಲಿ ಇಳಿಸಿಟ್ಟು ಹೊರಟಿದ್ದರು. ನನ್ನ ಕೈಯಲ್ಲಿ ಹುಣಸೆಹಣ್ಣಿತ್ತು. "ಬೆಸಗಿ ಬಿಟ್ಟಿಲ್ರಿ," ಎಂದೆ, ಹಣ್ಣಿಗೆ ಹೇಳುವಂತೆ. "ಖಂಡೇಪೂಜಿ ದಿವಸ ನಾನು ಟಾಕಿ ಮುಚ್ಚಳಾ ತಗದೆ. ಒಂದು ಚಮಚ ಪಂಚಾಮೃತ..."

ಆಗ ಒಳಬಾಗಿಲಿನಿಂದ ಅತ್ತೆಯವರ ಧ್ವನಿ ಬಂತು: "ಒಂದಲ್ಲ. ಖರೇ ಹೇಳೂದಾದ್ರ ಪೂರಾ ಹೇಳು."

"ಒಂದೇ ಚಮಚ ಅಲ್ಲೇನ್ರಿ ಅತ್ತಿ?"

"ಅವತ್ತ ಒಂದು. ಅದು ನಿಂತ ಮ್ಯಾಲೆ ದೇವರಿಗೆ ಸಾಲಲಿಲ್ಲ ಅಂತ ಪ್ರತಿ ಸೋಮವಾರ ಐದೈದು."

ನಿಲ್ಲುತ್ತಿದೆಯೆಂದು ನೈವೇದ್ಯ, ನೈವೇದ್ಯವಾದದ್ದರಿಂದ ನಿಲ್ಲುವುದು. ತನಗೆ ತಿಳಿಯದ ವಸ್ತುವಿಗೆ ಒಳ್ಳೆಯದು ಬಯಸುವ ಪ್ರತಿಯೊಬ್ಬರೂ ಹೀಗೇ ಒಂದೊಂದು ಚಮಚ ಹೆಚ್ಚಿಸುತ್ತ ಹೋಗುತ್ತಾರೇನೋ. ಮಕ್ಕಳನ್ನು ಬೆಳೆಸಿದ ಮೇಲೆ ನನಗೆ ಹಾಗನ್ನಿಸಿದೆ.

ಇವರು ಟಾಕಿಯ ಕಡೆ ನೋಡಿದರು, ತಾಯಿಯ ಕಡೆ ನೋಡಿದರು, ಯಾವುದನ್ನು ಮೊದಲು ತೊಳೆಯಬೇಕೆಂದು ತಿಳಿಯದವರಂತೆ ನಿಂತರು. ಖಾದರಸಾಬರು ತಮ್ಮ ಕೇಳುವ ಕಿವಿಯನ್ನು ಬಾಗಿಲತ್ತ ತಿರುಗಿಸಿ, ಬಹಳ ಗಂಭೀರವಾಗಿ ಕೇಳಿದರು: "ಸಕ್ರಿನೂ ಹಾಕಿದ್ರೇನ್ರಿ ಅವ್ವಾರ?"

"ಪಂಚಾಮೃತ ಅಂದ ಮ್ಯಾಲೆ ಸಕ್ರಿ ಹಾಕಲಾರದ ಹೆಂಗಪಾ?" ಅತ್ತೆಯವರಿಗೆ ಅವಮಾನವಾದಂತಿತ್ತು.

"ಹಂಗಾರ ಆ ಅಂಟು ಸಕ್ರೀದು, ನನ್ನ ಕೈ ಐತಿ" ಎಂದರು ಖಾದರಸಾಬರು. ಕಟ್ಟೆಯ ಮೇಲಿದ್ದ ಹಂಡೆಯನ್ನು ಎತ್ತಿ ಮತ್ತೆ ಹೆಗಲಿಗೇರಿಸಿಕೊಂಡು ನಡೆದರು. ಗೇಟು ದಾಟಿದ ಮೇಲೆ ಅವರು ನಕ್ಕದ್ದು ಪಡಸಾಲೆಯವರೆಗೆ ಕೇಳಿಸಿತು.

ಮುಂದಿನ ವಾರ ಹಂಡೆಯ ಜೊತೆ ಒಂದು ಪುಟ್ಟ ಹಿತ್ತಾಳೆಯ ಬಟ್ಟಲೂ ಬಂತು. ಅದನ್ನು ಲಾರಿಯ ಮೂಗಿನ ಮೇಲೆ, ನೀರಿನ ಪೆಟ್ಟಿಗೆಯ ಅಂಚಿಗೆ ಬೆಸೆದು, ಖಾದರಸಾಬರು ಅತ್ತೆಯವರನ್ನು ಕರೆದರು. "ಅವ್ವಾರ, ಇದರ ಬಾಯಿ ಇದು ನೋಡ್ರಿ. ಆ ಟಾಕಿ ಹೊಟ್ಟಿ. ಹೊಟ್ಟಿಗೆ ಯಾರರೆ ನೈವೇದ್ಯ ಇಡ್ತಾರೇನು?"

ಅತ್ತೆಯವರು ಬಟ್ಟಲನ್ನು ಬೆರಳಿನಿಂದ ಅಲುಗಾಡಿಸಿ ನೋಡಿದರು. "ಮೊದಲ ಹೇಳಬೇಕಿಲ್ಲೋ ಹುಚ್ಚಪ್ಪಾ," ಎಂದರು.

ಲಾರಿ ಸುಳ್ಳಕ್ಕೂ ಹೋಗಿ ಬಂತು. ಅತ್ತೆಯವರೇ ಮುಂದೆ ಕುಳಿತಿದ್ದರು. ಬೈರಿದೇವರಕೊಪ್ಪ ದಾಟುವವರೆಗೆ ಕಣ್ಣು ಮುಚ್ಚಿ ಕೈ ಜೋಡಿಸಿದ್ದರಂತೆ. ಈಗ ಇನ್ನೊಂದು ಯುದ್ಧ ನಡೆಯುತ್ತಿದೆ. ಪೆಟ್ರೋಲು ಚೀಟಿಗೆ ಸಿಗುತ್ತದೆ, ಅದೂ ಏನನ್ನಾದರೂ ಹೇರುವವರಿಗೆ. ಏನೂ ಹೇರದ ನಮ್ಮ ಲಾರಿ ಹಿತ್ತಲಿನಲ್ಲಿ ಹೊಟ್ಟೆ ಖಾಲಿ ಇಟ್ಟುಕೊಂಡು ನಿಂತಿದೆ. ಬಾಯಿಗೆ ಮಾತ್ರ ಸೋಮವಾರ ತಪ್ಪುವುದಿಲ್ಲ, ಇರುವೆಗಳಿಗೂ ಅದು ಗೊತ್ತು.

ಮೊದಲೆಲ್ಲ ಆ ಬಟ್ಟಲು ತಿಕ್ಕುವಾಗ ಬೆಸುಗೆಯ ಬೂದು ಗೆರೆಯನ್ನೂ ಹೊಳೆಸಬೇಕೆಂದು ಹಟ ಹಿಡಿದು ಉಜ್ಜುತ್ತಿದ್ದೆ. ಅದು ಹಿತ್ತಾಳೆಯಲ್ಲ, ಹೊಳೆಯುವುದಿಲ್ಲ, ಬಿಡುವುದೂ ಇಲ್ಲ. ಈಗ ಹುಣಸೆಹಣ್ಣನ್ನು ಅದರ ಸುತ್ತ ಮೆಲ್ಲಗೆ ಆಡಿಸುತ್ತೇನೆ, ಗೆರೆಗೆ ತಾಗದ ಹಾಗೆ. ಮಿಕ್ಕ ಹಣ್ಣು ಸಾರಿಗೆ.