ಅತ್ತೆಯ ಹಕ್ಕಿಪಟ್ಟಿಯಲ್ಲಿ ನಾನು ಬರೆದ ಸಾಲು

ಅತ್ತೆಯ ಸೀರೆಯ ಅಂಚಿನಲ್ಲಿ ಯಾವಾಗಲೂ ನಾಲ್ಕೈದು ಉತ್ತರಾಣಿ ಬೀಜಗಳು ಅಂಟಿಕೊಂಡಿರುತ್ತಿದ್ದವು. ನಾವೆಲ್ಲ ಸಾಲಾಗಿ ತಿಂಡಿಗೆ ಕೂತಾಗ ಅವರು ಉಪ್ಪಿಟ್ಟು ಬಡಿಸುತ್ತಾ ಬಂದರೆ, ನೆಲದ ಮೇಲೆ ಕೂತ ನನ್ನ ಕಣ್ಣಿಗೆ ಮೊದಲು ಕಾಣುತ್ತಿದ್ದುದು ಆ ಬೀಜಗಳೇ.

ಅವರು ಅಪ್ಪನ ತಂಗಿ. ಮೈಸೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು, ಮನೆ ಸರಸ್ವತಿಪುರಂನಲ್ಲಿ. ತೊಂಬತ್ತರ ದಶಕದಲ್ಲಿ ಪ್ರತಿ ದಸರಾ ರಜೆಗೆ ನಾವು ದಾವಣಗೆರೆಯಿಂದ, ದೊಡ್ಡಪ್ಪನ ಮನೆಯವರು ತುಮಕೂರಿನಿಂದ ಅಲ್ಲಿಗೆ ಬಂದಿಳಿಯುತ್ತಿದ್ದೆವು. ಹನ್ನೆರಡು ಜನ, ಒಂದೇ ಬಚ್ಚಲು. ಸ್ನಾನದ ಸರದಿಯನ್ನು ಅತ್ತೆ ಹಿಂದಿನ ಸಂಜೆಯೇ ಗೊತ್ತುಮಾಡುತ್ತಿದ್ದರು. ಮೊದಲನೆಯದು ಅವರದು, ಕಡೆಯದು ನನ್ನದು. ನಡುವಿನ ಹತ್ತು ಜನರ ಸ್ನಾನಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರೂ ತಿಂಡಿ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ನಾವಿಬ್ಬರೂ ಕುಕ್ಕರಹಳ್ಳಿ ಕೆರೆಗೆ ಹೋಗಿ, ಹಕ್ಕಿ ನೋಡಿ, ಹಾಲು ತೆಗೆದುಕೊಂಡು ಬರುತ್ತಿದ್ದೆವು.

“ಹಾಲಿನ ಬೂತು ಮನೆ ಹಿಂದೇನೇ ಇದೆ ಕಣಮ್ಮ, ನಿಮ್ಮತ್ತೆಗೆ ಮಾತ್ರ ಅದು ಕೆರೆ ಆಚೆ ಕಾಣುತ್ತೆ” ಎಂದು ಮಾವ ನನಗೆ ಹೇಳುತ್ತಿದ್ದರು.

“ಸುಮ್ನಿರಿ. ಹಾಲು ಬಂತೋ ಇಲ್ವೋ?” ಎನ್ನುವುದು ಅತ್ತೆಯ ಉತ್ತರ.

ತರಕಾರಿ ಚೀಲದಲ್ಲಿ ಅವರ ದುರ್ಬೀನು ಇರುತ್ತಿತ್ತು. ಅದರ ಒಂದು ಗಾಜು ಮಬ್ಬು. ಆದರೆ ಅತ್ತೆಗೆ ಕಣ್ಣಿಗಿಂತ ಕಿವಿಯೇ ಚುರುಕು. ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಕಾಣದವರ ದನಿಗಳನ್ನು ಗುರುತಿಸುವ ಕೆಲಸ ಅವರದು. “ಮೊದಲು ಲೈನಲ್ಲಿ ಯಾರಿದಾರೆ ಅಂತ ಕೇಳಿಸ್ಕೊ, ಮುಖ ಆಮೇಲೆ ನೋಡಿವಂತೆ” ಎಂದು ಮಡಿವಾಳ ಹಕ್ಕಿಯ ಶಿಳ್ಳೆಗೆ ತಲೆ ವಾಲಿಸಿ ನಿಲ್ಲುತ್ತಿದ್ದರು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಹಕ್ಕಿಗಳ ಪಟ್ಟಿ ಬರೆಯುವಾಗ ಮಾತ್ರ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತಿದ್ದರು.

ನನಗೆ ಹನ್ನೊಂದು ವರ್ಷವಾದಾಗ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮಗ ಎದ್ದು ಓಡಾಡಿದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿಸುವುದಾಗಿ ಅಜ್ಜಿ ಹರಕೆ ಹೊತ್ತರು. ಅಪ್ಪ ಚೇತರಿಸಿಕೊಂಡರು, ಆದರೆ ಅಜ್ಜಿಗೆ ಬಗ್ಗಲು ಆಗುತ್ತಿರಲಿಲ್ಲ. ಆ ದಸರಾದಲ್ಲಿ ಅತ್ತೆ ತಾವೇ ಹಚ್ಚುತ್ತೇನೆ ಎಂದರು. ಉಳಿದವರು ಬಸ್ಸಿನಲ್ಲಿ ಬರುವುದೆಂದಾಯಿತು. ಬೆಳಕು ಹರಿಯುವ ಮೊದಲೇ ನಾನೂ ಅತ್ತೆಯೂ ಬರಿಗಾಲಲ್ಲಿ ಮೆಟ್ಟಿಲು ಹತ್ತತೊಡಗಿದೆವು. ಕುಂಕುಮದ ಡಬ್ಬಿ ನನ್ನ ಕೈಯಲ್ಲಿ, ದುರ್ಬೀನು ನನ್ನ ಕೊರಳಲ್ಲಿ.

ದಾರಿಯ ನಡುವಿನ ನಂದಿ ವಿಗ್ರಹ ಇನ್ನೂ ಮೇಲಿತ್ತು. ಅತ್ತೆ ಬಗ್ಗಿದವರು ಹಾಗೇ ನಿಂತರು.

“ಕೇಳಿಸ್ತಾ? ಎರಡು ಸ್ವರ. ನವರಂಗ ಕಣೇ.”

ನವರಂಗ ಎಂದರೆ ಹಸಿರು ಬೆನ್ನಿನ, ಕೆಂಪು ಹೊಟ್ಟೆಯ ಪುಟ್ಟ ಹಕ್ಕಿ. ಚಳಿಗಾಲಕ್ಕೆ ಉತ್ತರದಿಂದ ಬರುತ್ತದೆ. ಪೊದೆಯ ಬುಡದಲ್ಲಿ ತರಗೆಲೆ ಕೆದಕುತ್ತಾ ಅಡಗಿರುತ್ತದೆ. ಮೂರು ವರ್ಷದಿಂದ ಅತ್ತೆ ಅದರ ಕೂಗು ಕೇಳಿದ್ದರು, ಹಕ್ಕಿಯನ್ನು ಕಂಡಿರಲಿಲ್ಲ. ಈಗ ಅದು ಇಪ್ಪತ್ತು ಹೆಜ್ಜೆ ದೂರದ ಲಂಟಾನದ ಹಿಂದಿತ್ತು.

“ಹೋಗಿ ನೋಡಿ ಅತ್ತೆ, ನಾನಿಲ್ಲೇ ಇರ್ತೀನಿ” ಎಂದೆ.

“ಶುರು ಮಾಡಿದ್ಮೇಲೆ ಮೆಟ್ಟಿಲು ಬಿಟ್ಟು ಆಚೆ ಹೋಗೋ ಹಾಗಿಲ್ಲ. ನಿಮ್ಮಪ್ಪನ ವಿಷಯ ಇದು. ನೀನು ನೋಡ್ಕೊಂಡ್ ಬಂದು ನಂಗೆ ಹೇಳು.”

ನಾನು ಪೊದೆಯ ಹಿಂದೆ ಕುಕ್ಕರುಗಾಲಲ್ಲಿ ಕಾದೆ. ಕೂಗು ನಿಂತುಹೋಗಿತ್ತು. ತರಗೆಲೆ ಸರಿದಾಡಿತು, ಓತಿಕ್ಯಾತ. ಇನ್ನಷ್ಟು ಹೊತ್ತು ಕಾದು ವಾಪಸು ಬಂದರೆ ಅತ್ತೆ ಅದೇ ಮೆಟ್ಟಿಲಲ್ಲಿ, ಅರಿಶಿನದ ಕೈಯನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ಕೂತಿದ್ದರು. ಆ ಮುಖ ನೋಡಿ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

“ನೋಡಿದೆ.”

“ಏನ್ ಮಾಡ್ತಿತ್ತು?”

“ಎಲೆ ಕೆದಕ್ತಿತ್ತು. ಹೊಟ್ಟೆ ಕೆಂಪಗಿತ್ತು.” ಅತ್ತೆಯ ಹಕ್ಕಿ ಪುಸ್ತಕದ ಚಿತ್ರವನ್ನು ನೆನೆಸಿಕೊಂಡು ಹೇಳಿದೆ.

ಅತ್ತೆ ಅರಿಶಿನದ ಕೈಯಲ್ಲೇ ನನ್ನ ಗಲ್ಲ ಹಿಡಿದರು. ಬೆಟ್ಟದ ಮೇಲೆ ಮಾವ ನನ್ನ ಮುಖ ನೋಡಿ, “ಮೆಟ್ಟಿಲು ಸಾಲದೆ ನಿಂಗೂ ಹಚ್ಬುಟ್ರಾ?” ಎಂದು ನಕ್ಕರು. ಎಲ್ಲರೂ ನಕ್ಕರು. ಅಂದು ಮಧ್ಯಾಹ್ನ ಅತ್ತೆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. “ನೀನೇ ಬರಿ. ಕಂಡೋರೇ ಬರೀಬೇಕು.” ನಾನು ಬರೆದೆ. ಅವರ ಉದ್ದನೆಯ ಪಟ್ಟಿಯಲ್ಲಿ ಬೇರೆಯವರ ಅಕ್ಷರ ಇದ್ದದ್ದು ಅದೊಂದೇ ಸಾಲಿನಲ್ಲಿ.

ಆಮೇಲೆ ಅತ್ತೆ ನವರಂಗವನ್ನು ಹುಡುಕಿಕೊಂಡು ಹೋಗಲಿಲ್ಲ. ಮನೆಗೆ ಬಂದವರಿಗೆಲ್ಲ, “ನಾನು ನೋಡಿಲ್ಲ ಕಣ್ರೀ, ನಮ್ಮ ಹುಡುಗಿ ನೋಡಿದಾಳೆ. ಮನೇಲೊಬ್ರು ನೋಡಾಯ್ತಲ್ಲ” ಎನ್ನುತ್ತಿದ್ದರು. ನಾನು ಒಳಗೆ ಹೋಗಿಬಿಡುತ್ತಿದ್ದೆ. ನಾಚಿಕೆ ಸ್ವಭಾವ ಎಂದು ಅವರೇ ನನ್ನ ಪರವಾಗಿ ಹೇಳುತ್ತಿದ್ದರು.

ಎಂ.ಎ. ಓದಲು ಮೈಸೂರಿಗೆ ಬಂದು ನಾನು ಅವರ ಮನೆಯಲ್ಲೇ ಉಳಿದೆ. ಅಷ್ಟು ಹೊತ್ತಿಗೆ ಅವರ ಮಂಡಿಗಳು ಸೋತಿದ್ದವು. ಕೆರೆಯ ಏರಿ ಹತ್ತುವುದೂ ಕಷ್ಟವಾಗಿತ್ತು. ಈಗ ಅವರಿಲ್ಲ. ನವರಂಗದ ವಿಷಯದ ನಿಜವನ್ನು ಅವರು ಇದ್ದಾಗಲೇ ಅವರಿಗೆ ಹೇಳಿದ್ದೆ ಎಂಬುದೊಂದೇ ನನ್ನ ಸಮಾಧಾನ. ಅವರು ಹೋಗುವ ಎರಡು ವರ್ಷ ಮುಂಚಿನ ಅಕ್ಟೋಬರ್ ಅದು. ಸಂಜೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಹಳೆಯ ಪಟ್ಟಿಯನ್ನು ಓದಲು ಹೇಳಿದರು. ಒಂದೊಂದೇ ಹೆಸರು ಓದುತ್ತಾ ನನ್ನ ಅಕ್ಷರದ ಸಾಲಿಗೆ ಬಂದೆ.

“ಅತ್ತೆ, ಇದು ಸುಳ್ಳು. ಅವತ್ತು ನನಗೇನೂ ಕಾಣಲಿಲ್ಲ.”

ಅವರ ಕೈ ನಿಂತಿತು.

“ಅಷ್ಟು ಜನರ ಹತ್ರ ಹೇಳ್ಕೊಂಡ್ ಬಂದ್ನಲ್ಲೇ” ಎಂದರು. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಕಾಲು ಗಟ್ಟಿ ಇದ್ದಾಗ ನಾನೇ ಹೋಗ್ಬಹುದಿತ್ತು.”

ನಾನು ಸಾಲನ್ನು ಗೀಚಿಹಾಕಲು ಪೆನ್ನು ತೆಗೆದೆ.

“ಹಾಗಲ್ಲ. ನಮ್ಮ ಆಫೀಸ್ ಲಾಗ್‌ಬುಕ್ಕಲ್ಲಿ ತಪ್ಪಾದ್ರೆ ಒಂದೇ ಗೆರೆ ಎಳೀಬೇಕು. ಏನು ತಪ್ಪಾಗಿತ್ತು ಅಂತ ಓದೋಕೆ ಬರ್ಬೇಕು. ಪಕ್ಕದಲ್ಲಿ ಸಹಿ.”

ಒಂದೇ ಗೆರೆ ಎಳೆದು ಸಹಿ ಹಾಕಿದೆ. ಅವರು ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ನೋಟ್‌ಬುಕ್ ಮುಚ್ಚಿದರು. ಊಟಕ್ಕೆ ಕೂತಾಗ ಉಪ್ಪಿನಕಾಯಿ ಬೇಕಾ ಎಂದು ಮಾತ್ರ ಕೇಳಿದರು.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಆಟೋ ಕರೆತಂದೆ. ಅತ್ತೆ ಎಲ್ಲಿಗೆಂದು ಕೇಳದೆ ಸ್ವೆಟರ್ ಹಾಕಿಕೊಂಡರು. ನಂದಿಯವರೆಗೆ ರಸ್ತೆ ಇದೆ. ಅಲ್ಲಿಂದ ಅವರ ತೋಳು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಕೆಳಗೆ ಇಳಿದೆವು. ಅದೇ ಎರಡು ಸ್ವರದ ಕೂಗು ಕೇಳಿಸಿದ ಕಡೆಗೆ ಮುಖ ಮಾಡಿ ಅವರನ್ನು ಕೂರಿಸಿದೆ. ಬೆನ್ನಿಗೆ ಆಸರೆ ಇಲ್ಲದೆ ಅವರು ಕೂರಲಾರರು. ಅದಕ್ಕೆ ನಾನು ಹಿಂದೆ ಕೂತು ನನ್ನ ಬೆನ್ನು ಕೊಟ್ಟೆ. ಅವರ ಮುಖ ಪೊದೆಯ ಕಡೆ, ನನ್ನದು ಊರಿನ ಕಡೆ.

ಬಹಳ ಹೊತ್ತಾಯಿತು. ಆಮೇಲೆ ಅವರ ಉಸಿರು ಬಿಗಿಯಾದದ್ದು ನನ್ನ ಬೆನ್ನಿಗೆ ತಿಳಿಯಿತು.

“ಬಾಲ ಆಡಿಸ್ತಾ ಇದೆ ಕಣೇ” ಎಂದು ಪಿಸುಗುಟ್ಟಿದರು. “ಮೇಲೆ, ಕೆಳಗೆ. ಅಲುಗಾಡ್ಬೇಡ, ಹಾರೋಗುತ್ತೆ.”

ಅವರು ದುರ್ಬೀನು ಇಳಿಸುವ ತನಕ ನಾನು ತಿರುಗದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.